ಕೊಡಗಿನಿಂದ 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಲದ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶಗಳಲ್ಲಿ ಹಂಚಿಹೋಗಿದೆ. ಜೂನ್ 11ರಿಂದ ಜುಲೈ 19ರವರೆಗೆ 16 ನಗರಗಳಲ್ಲಿ 48 ತಂಡಗಳ 104 ಪಂದ್ಯಗಳು. ಅದೇ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಅರ್ಧ ಅಲ್ಲಿಯದು, ಅರ್ಧ ನಮ್ಮ ಮನೆಯಿಂದ ಬೆಂಗಳೂರಿನವರೆಗಿನ ದಾರಿಯದು.

ಮೊದಲು ಯಾವುದು ಮಾಡಬೇಕು: ಪಂದ್ಯದ ಟಿಕೆಟ್ಟೋ, ವೀಸಾನೋ, ವಿಮಾನವೋ?

ವೀಸಾ. ಪಂದ್ಯದ ಟಿಕೆಟ್ ಕೈಯಲ್ಲಿದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ, ವೀಸಾ ಸಿಗಲಿಲ್ಲವೆಂದು ಫೀಫಾ ಹಣವನ್ನೂ ವಾಪಸ್ ಕೊಡುವುದಿಲ್ಲ. ಮೂರರ ಪೈಕಿ ನಿಮ್ಮ ಕೈಯಲ್ಲಿಲ್ಲದ್ದು ವೀಸಾ ಒಂದೇ, ಅದಕ್ಕೇ ಅದು ಮೊದಲು. ಅಮೆರಿಕದ ವೀಸಾ ಸಂದರ್ಶನದ ದಿನಾಂಕ ದೂರವಿದೆ ಎಂದಾದರೆ ಮಾತ್ರ ಈ ಕ್ರಮ ಸ್ವಲ್ಪ ಬದಲಾಗುತ್ತದೆ. ಫೀಫಾದಿಂದಲೇ ನೇರವಾಗಿ ಟಿಕೆಟ್ ಕೊಂಡವರಿಗೆ ಸಂದರ್ಶನದ ದಿನಾಂಕ ಬೇಗ ಸಿಗಲೆಂದು ‘ಫೀಫಾ ಪಾಸ್’ ಎಂಬ ವ್ಯವಸ್ಥೆ ಮಾಡಿದ್ದಾರೆ. ಅದು ಸರದಿಯನ್ನು ಮುಂದೆ ತರುತ್ತದೆ, ಅಷ್ಟೇ. ಒಳಗೆ ಕೇಳುವ ಪ್ರಶ್ನೆಗಳು ಎಲ್ಲರಿಗೂ ಒಂದೇ. ವಿಮಾನದ ಟಿಕೆಟ್ ಕೊನೆಗೆ. ಬೆಲೆ ಏರುತ್ತದೆ ಎಂದು ಹೆದರಿ ಮೊದಲೇ ಕೊಳ್ಳುವುದಾದರೆ, ಹೆಚ್ಚು ಕೊಟ್ಟರೂ ಪರವಾಗಿಲ್ಲ, ರದ್ದು ಮಾಡಿದರೆ ಹಣ ಹಿಂದಿರುಗುವ ಟಿಕೆಟ್ಟನ್ನೇ ಕೊಳ್ಳಿ.

ಪಾಸ್‌ಪೋರ್ಟ್‌ಗೆ ಎಲ್ಲಿ ಹೋಗಬೇಕು?

ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ಶುರುವಾದದ್ದೇ ಮೈಸೂರಿನಿಂದ. ನಮ್ಮವರಿಗೆ ಅದು ಅನುಕೂಲ. ಹೊಸದಕ್ಕಾಗಲಿ, ನವೀಕರಣಕ್ಕಾಗಲಿ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಪ್ರವಾಸ ಮುಗಿದ ಮೇಲೂ ಆರು ತಿಂಗಳು ಅವಧಿ ಉಳಿದಿರುವಂತೆ ನೋಡಿಕೊಳ್ಳಿ.

ಹೆಸರಿನಲ್ಲಿ ಮನೆಪೆದ (ಕೊಡವರ ಮನೆತನದ ಹೆಸರು) ಮೊದಲು ಬರುತ್ತದೆ. ಅರ್ಜಿಯಲ್ಲಿ ಹೇಗೆ ಬರೆಯಬೇಕು?

ಕೊಡಗಿನವರ ಅರ್ಜಿಗಳಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮನೆಪೆದ, ತಂದೆ ಹೆಸರು, ಸ್ವಂತ ಹೆಸರು ಈ ಮೂರನ್ನು ಆಧಾರ್‌ನಲ್ಲಿ ಒಂದು ರೀತಿ, ಪ್ಯಾನ್‌ನಲ್ಲಿ ಇನ್ನೊಂದು ರೀತಿ, ಶಾಲೆಯ ದಾಖಲೆಯಲ್ಲಿ ಬರೀ ಇನಿಶಿಯಲ್ ಹಾಕಿ ಬರೆದಿರುತ್ತಾರೆ. ಅಮೆರಿಕದ ಅರ್ಜಿಗೂ ವಿಮಾನದ ಟಿಕೆಟ್‌ಗೂ ಬೇಕಾಗುವುದು ಪಾಸ್‌ಪೋರ್ಟಿನ ಸಾಲು ಮಾತ್ರ. ಪಾಸ್‌ಪೋರ್ಟಿನ ‘ಸರ್‌ನೇಮ್’ ಸಾಲಿನಲ್ಲಿ ಏನಿದೆಯೋ ಅದನ್ನೇ ಸರ್‌ನೇಮ್ ಎಂದು ಬರೆಯಿರಿ. ಅದು ನಿಜಕ್ಕೂ ನಿಮ್ಮ ಮನೆಪೆದವೋ ಅಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆ ಸಾಲು ಖಾಲಿ ಇದ್ದರೆ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ತುಂಬಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕಬೇಕು. ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಅವರು ಬಳಸುವ ಸಂಕೇತ ಅದು. ವೀಸಾದಲ್ಲೂ ಹಾಗೆಯೇ ಅಚ್ಚಾಗುತ್ತದೆ, ಗಾಬರಿ ಬೇಡ. ಸಮಯವಿದ್ದರೆ ಮೊದಲು ಪಾಸ್‌ಪೋರ್ಟಿನಲ್ಲೇ ಹೆಸರನ್ನು ಎರಡು ಸಾಲಿಗೆ ಸರಿಯಾಗಿ ಹಂಚಿಸಿಕೊಳ್ಳುವುದು ಒಳ್ಳೆಯದು. ಮುಂದಿನ ಹತ್ತು ವರ್ಷ ನೆಮ್ಮದಿಯಾಗಿರಬಹುದು.

ಅಮೆರಿಕದ ವೀಸಾಕ್ಕೆ ತೋಟದವರು ಏನೇನು ದಾಖಲೆ ಇಟ್ಟುಕೊಳ್ಳಬೇಕು?

ಬೇಕಾದದ್ದು ಬಿ1/ಬಿ2 ಎಂಬ ಸಂದರ್ಶಕರ ವೀಸಾ. ಡಿಎಸ್-160 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ, ಮಕ್ಕಳಿಗೂ ಸೇರಿ. ಅರ್ಜಿ ಶುಲ್ಕ ತಲಾ 185 ಡಾಲರ್. ವೀಸಾ ಸಿಗಲಿ ಬಿಡಲಿ, ಅದು ಹಿಂದಿರುಗುವುದಿಲ್ಲ. ಫೋಟೊ 2 ಇಂಚು ಉದ್ದ, 2 ಇಂಚು ಅಗಲ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದೆ. ಸಂದರ್ಶನಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಚೆನ್ನೈ ಅಥವಾ ಹೈದರಾಬಾದ್. ಅರ್ಜಿ ತುಂಬುವಾಗ ಪುಟ ತೆರೆದಿಟ್ಟು ಎದ್ದು ಹೋದರೆ ಸ್ವಲ್ಪ ಹೊತ್ತಿನಲ್ಲೇ ಅದು ಮುಚ್ಚಿಕೊಳ್ಳುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ ಪ್ರತಿ ಪುಟಕ್ಕೂ ‘ಸೇವ್’ ಒತ್ತಿ, ಅರ್ಜಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಅಧಿಕಾರಿ ತಿಳಿಯಬಯಸುವುದು ಒಂದನ್ನೇ: ಈ ಮನುಷ್ಯ ಪಂದ್ಯ ನೋಡಿ ವಾಪಸ್ ಹೋಗುತ್ತಾನೆಯೇ? ನೌಕರಿಯಲ್ಲಿದ್ದವರು ಸಂಬಳದ ಚೀಟಿ, ರಜೆಯ ಪತ್ರ ತೋರಿಸುತ್ತಾರೆ. ಬೆಳೆಗಾರರ ತೊಡಕು ಬೇರೆ. ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಅಥವಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಆಗಿಯೇ ಕಾಫಿ ಮಾರುವವರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಜನರ ಬಳಿ ತೆರಿಗೆ ರಿಟರ್ನ್ ಇರುವುದೇ ಇಲ್ಲ, ಇದ್ದರೂ ಅದರಲ್ಲಿ ಮೊತ್ತ ತೀರಾ ಚಿಕ್ಕದು. ಆ ಕೊರತೆಯನ್ನು ತುಂಬಿಕೊಡುವುದು ಕಾಫಿ ಮತ್ತು ಮೆಣಸು ಮಾರಿದ ಬಿಲ್ಲುಗಳು, ಆ ಹಣ ಬಂದು ಬಿದ್ದದ್ದನ್ನು ತೋರಿಸುವ ಬ್ಯಾಂಕ್ ಖಾತೆಯ ಪಟ್ಟಿ, ಪಹಣಿ. ಜಮ್ಮಾ ಬಾಣೆಯ (ಒಕ್ಕಕ್ಕೆ, ಅಂದರೆ ಕೊಡವರ ಕೂಡುಕುಟುಂಬಕ್ಕೆ, ವಂಶಪಾರಂಪರ್ಯವಾಗಿ ಬಂದ ಜಮೀನಿನ) ಪಹಣಿಯಲ್ಲಿ ಎಷ್ಟೋ ಕಡೆ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರು ಇರುತ್ತದೆಯೇ ಹೊರತು ನಿಮ್ಮದಲ್ಲ. ಅದನ್ನು ಎರಡೇ ವಾಕ್ಯದಲ್ಲಿ ವಿವರಿಸಲು ತಯಾರಾಗಿರಿ: ‘ಇದು ಒಕ್ಕದ ಜಮೀನು, ಇದರಲ್ಲಿ ಇಷ್ಟು ಎಕರೆ ನನ್ನ ಪಾಲು.’ ಕಾಗದಗಳನ್ನು ಅವರು ಹೆಚ್ಚಾಗಿ ನೋಡುವುದಿಲ್ಲ, ಬಾಯಿಮಾತನ್ನೇ ನಂಬುತ್ತಾರೆ ಅಥವಾ ನಂಬುವುದಿಲ್ಲ. ಎಲ್ಲ ಮುಗಿಯುವುದು ಎರಡು ಮೂರು ನಿಮಿಷದಲ್ಲಿ. ಎಷ್ಟು ದಿನ, ಯಾವ ನಗರ, ಯಾವ ಪಂದ್ಯ, ಖರ್ಚು ಯಾರದು ಎಂಬುದಕ್ಕೆ ತಡವರಿಸದೆ ಉತ್ತರ ಬರಬೇಕು. ‘ಅಲ್ಲಿ ಹೋಗಿ ನೋಡುತ್ತೇನೆ’ ಎಂದರೆ ಕೆಲಸ ಕೆಟ್ಟಿತು.

ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊ, ಕೆನಡಾಕ್ಕೂ ಸಾಕೆ?

ಮೆಕ್ಸಿಕೊಗೆ ಸಾಕು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಕೆನಡಾಕ್ಕೆ ಸಾಲದು, ಅದರ ಪ್ರವಾಸಿ ವೀಸಾ ಬೇರೆಯೇ ಮಾಡಿಸಬೇಕು, ಬೆರಳಚ್ಚನ್ನೂ ಕೊಡಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ. ಮೆಕ್ಸಿಕೊ ಅಥವಾ ಕೆನಡಾಕ್ಕೆ ಹೋಗುವಾಗ ವಿಮಾನ ಅಮೆರಿಕದ ನಗರವೊಂದರಲ್ಲಿ ಬದಲಾಗುವುದಿದ್ದರೆ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಅಲ್ಲಿ ಎಲ್ಲರೂ ಇಮಿಗ್ರೇಷನ್ ದಾಟಲೇಬೇಕು. ವೀಸಾ ಇಲ್ಲದವರನ್ನು ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ.

ಯಾವ ನಗರ ಆರಿಸಿಕೊಳ್ಳಲಿ?

ಭೂಪಟ ತೆಗೆದು ದೂರ ಅಳೆಯಿರಿ, ಉಳಿದದ್ದೆಲ್ಲ ಆಮೇಲೆ. ವ್ಯಾಂಕೂವರ್‌ನಿಂದ ಮಯಾಮಿಗೆ ಸುಮಾರು 4,500 ಕಿಲೋಮೀಟರ್. ‘ಒಂದು ಪಂದ್ಯ ಲಾಸ್ ಏಂಜಲೀಸ್‌ನಲ್ಲಿ, ಮರುದಿನ ಬೋಸ್ಟನ್‌ನಲ್ಲಿ’ ಎಂಬ ಯೋಜನೆ ಕಾಗದದ ಮೇಲೆ ಚೆನ್ನ, ಆದರೆ ಅದರಲ್ಲಿ ಹಣವೂ ನಿದ್ದೆಯೂ ಹೋಗುತ್ತದೆ. ಹತ್ತಿರ ಹತ್ತಿರದ ಎರಡು ನಗರ ಹಿಡಿದು ಅಲ್ಲೇ ಮೂರು ನಾಲ್ಕು ಪಂದ್ಯ ನೋಡುವುದೇ ಜಾಣತನ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ 150 ಕಿಲೋಮೀಟರ್, ರೈಲಿನಲ್ಲಿ ಒಂದೂವರೆ ಗಂಟೆ. ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಸುಮಾರು 385, ಹೆಚ್ಚುಕಡಿಮೆ ಮಂಗಳೂರಿನಿಂದ ಬೆಂಗಳೂರಿನಷ್ಟು. ಸಿಯಾಟಲ್ ಮತ್ತು ವ್ಯಾಂಕೂವರ್ ಕೂಡ ಜೋಡಿ ನಗರಗಳೇ, ಕೆನಡಾ ವೀಸಾ ಇದ್ದವರಿಗೆ.

ಎರಡನೆಯದು, ನಗರದ ಹೆಸರು ನೋಡಿ ಮೋಸಹೋಗಬೇಡಿ. ‘ಬೋಸ್ಟನ್’ ಪಂದ್ಯಗಳು ನಡೆಯುವುದು ಬೋಸ್ಟನ್‌ನಿಂದ ಸುಮಾರು 45 ಕಿಲೋಮೀಟರ್ ಆಚೆಯ ಫಾಕ್ಸ್‌ಬರೋದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಸಾಂಟಾ ಕ್ಲಾರಾ. ನ್ಯೂಯಾರ್ಕ್ ಎಂದರೆ ಹಡ್ಸನ್ ನದಿಯಾಚೆ ನ್ಯೂಜೆರ್ಸಿಯ ಈಸ್ಟ್ ರುದರ್‌ಫೋರ್ಡ್, ಜುಲೈ 19ರ ಫೈನಲ್ ಕೂಡ ಅಲ್ಲೇ. ಡಲ್ಲಾಸ್ ಎಂದರೆ ಆರ್ಲಿಂಗ್ಟನ್. ಮಡಿಕೇರಿಯಲ್ಲಿ ಪಂದ್ಯ ಎಂದು ಹೇಳಿ ಕುಶಾಲನಗರದಾಚೆ ಆಡಿಸಿದ ಹಾಗೆ. ಜೊತೆಗೆ, ಪ್ರಾಯೋಜಕರ ನಿಯಮದಿಂದಾಗಿ ಫೀಫಾ ಕ್ರೀಡಾಂಗಣಗಳಿಗೆ ಬೇರೆ ಹೆಸರು ಕೊಟ್ಟಿದೆ: ಟಿಕೆಟ್ ಮೇಲೆ ‘ಡಲ್ಲಾಸ್ ಸ್ಟೇಡಿಯಂ’ ಎಂದಿದ್ದರೆ ಊರಿನವರಿಗೆ ಅದು ಎಟಿ ಅಂಡ್ ಟಿ ಸ್ಟೇಡಿಯಂ, ‘ಬೋಸ್ಟನ್ ಸ್ಟೇಡಿಯಂ’ ಎಂದರೆ ಜಿಲೆಟ್. ಕೋಣೆ ಕಾದಿರಿಸುವ ಮುಂಚೆ ಹಳೆಯ ಹೆಸರನ್ನೂ ಹಾಕಿ ನಕ್ಷೆಯಲ್ಲಿ ಹುಡುಕಿ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ನಗರದ ರೈಲು ಕ್ರೀಡಾಂಗಣದ ಬುಡಕ್ಕೇ ಹೋಗುವ ಊರುಗಳು ಒಳ್ಳೆಯವು: ಫಿಲಡೆಲ್ಫಿಯಾ, ಅಟ್ಲಾಂಟಾ, ಸಿಯಾಟಲ್, ವ್ಯಾಂಕೂವರ್, ಟೊರಾಂಟೊ. ಹ್ಯೂಸ್ಟನ್‌ನಲ್ಲೂ ರೈಲಿದೆ. ಆರ್ಲಿಂಗ್ಟನ್, ಕನ್ಸಾಸ್ ಸಿಟಿ, ಮಯಾಮಿಗಳಲ್ಲಿ ಕ್ರೀಡಾಂಗಣದ ಬಾಗಿಲಿಗೆ ರೈಲಿಲ್ಲ. ವಿಶೇಷ ಬಸ್ ಅಥವಾ ಬಾಡಿಗೆ ಕಾರನ್ನೇ ನಂಬಬೇಕು. ಫಾಕ್ಸ್‌ಬರೋ ಮತ್ತು ನ್ಯೂಜೆರ್ಸಿಗೆ ಪಂದ್ಯದ ದಿನ ವಿಶೇಷ ರೈಲು ಇರುತ್ತದೆ. ಅದರ ದರ ಮಾಮೂಲಿ ದಿನದ್ದಕ್ಕಿಂತ ಹಲವು ಪಟ್ಟು, ಟಿಕೆಟ್ಟನ್ನು ಮೊದಲೇ ತೆಗೆದಿಡಬೇಕು, ನಿಲ್ದಾಣಕ್ಕೆ ಹೋಗಿ ಕೊಳ್ಳೋಣ ಎಂದರೆ ಆಗುವುದಿಲ್ಲ.

ಒಂದೇ ತಂಡದ ಹಿಂದೆ ಹೋಗುವುದಾದರೆ?

ನಮ್ಮಲ್ಲಿ ಹೆಚ್ಚಿನವರು ಕೇಳುವ ಮೂರು ತಂಡಗಳ ಲೀಗ್ ಪಂದ್ಯಗಳು ಹೀಗಿವೆ. ಅರ್ಜೆಂಟೀನಾ: ಜೂನ್ 16ರಂದು ಕನ್ಸಾಸ್ ಸಿಟಿಯಲ್ಲಿ ಅಲ್ಜೀರಿಯ ವಿರುದ್ಧ, 22ರಂದು ಆಸ್ಟ್ರಿಯ ಮತ್ತು 27ರಂದು ಜೋರ್ಡಾನ್ ವಿರುದ್ಧ, ಎರಡೂ ಡಲ್ಲಾಸ್‌ನಲ್ಲಿ. ಬ್ರೆಜಿಲ್: ಜೂನ್ 13 ಮೊರಾಕೊ ನ್ಯೂಜೆರ್ಸಿಯಲ್ಲಿ, 19 ಹೈಟಿ ಫಿಲಡೆಲ್ಫಿಯಾದಲ್ಲಿ, 24 ಸ್ಕಾಟ್ಲೆಂಡ್ ಮಯಾಮಿಯಲ್ಲಿ. ಪೋರ್ಚುಗಲ್: ಜೂನ್ 17 ಮತ್ತು 23 ಹ್ಯೂಸ್ಟನ್, 27ರಂದು ಕೊಲಂಬಿಯ ವಿರುದ್ಧ ಮಯಾಮಿ. ಇವೆಲ್ಲ ಅಲ್ಲಿನ ದಿನಾಂಕಗಳು.

ಓಡಾಟದ ದೃಷ್ಟಿಯಿಂದ ನೋಡಿದರೆ ಪೋರ್ಚುಗಲ್ ಅಭಿಮಾನಿ ಹ್ಯೂಸ್ಟನ್‌ನಲ್ಲಿ ಒಂದೇ ಕೋಣೆ ಹಿಡಿದು ಎರಡು ಪಂದ್ಯ ನೋಡಬಹುದು. ಬ್ರೆಜಿಲ್‌ನ ಮೊದಲೆರಡು ಪಂದ್ಯ ರೈಲಿನ ಹಾದಿಯಲ್ಲೇ ಸಿಗುತ್ತವೆ. ಅರ್ಜೆಂಟೀನಾದವರು ಕನ್ಸಾಸ್ ಸಿಟಿಯನ್ನು ಬಿಟ್ಟು ಡಲ್ಲಾಸ್‌ನ ಎರಡನ್ನೇ ಹಿಡಿಯುವುದು ಮೇಲು. ಎರಡೂರುಗಳ ನಡುವೆ ರಸ್ತೆಯಲ್ಲಿ ಸುಮಾರು 900 ಕಿಲೋಮೀಟರ್ ಇದೆ. ನಾಕೌಟ್‌ನಲ್ಲಿ ನಿಮ್ಮ ತಂಡ ಎಲ್ಲಿ ಆಡುತ್ತದೆ ಎಂಬುದು ಗುಂಪಿನಲ್ಲಿ ಎಷ್ಟನೆಯ ಸ್ಥಾನ ಬಂತು ಎಂಬುದರ ಮೇಲೆ ನಿಂತಿದೆ. ಅದನ್ನು ಊಹಿಸಿ ವಾಪಸಾಗದ ಹಣ ಹಾಕಬೇಡಿ.

ಪಂದ್ಯದ ಟಿಕೆಟ್ ಎಲ್ಲಿ ಕೊಳ್ಳುವುದು?

ಫೀಫಾದ ಜಾಲತಾಣದಲ್ಲಿ ಮಾತ್ರ. ಒಂದು ಪಂದ್ಯಕ್ಕೆ ಒಬ್ಬರಿಗೆ ಹೆಚ್ಚೆಂದರೆ 4, ಇಡೀ ಟೂರ್ನಿಗೆ 40. ಟಿಕೆಟ್ ಮುಗಿದುಹೋದ ಪಂದ್ಯಗಳಿಗೆ ಅಲ್ಲೇ ಮರುಮಾರಾಟದ ವಿಭಾಗವಿದೆ. ಅಲ್ಲಿ ಕೊಳ್ಳುವವರಿಂದಲೂ ಮಾರುವವರಿಂದಲೂ ಫೀಫಾ ತಲಾ ಶೇ. 15 ಮುರಿದುಕೊಳ್ಳುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕಾಗದದ ಟಿಕೆಟ್ ಇಲ್ಲ, ಎಲ್ಲ ಮೊಬೈಲ್ ಆ್ಯಪ್‌ನಲ್ಲಿ. ಯಾರಾದರೂ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ಕಳಿಸಿ ಟಿಕೆಟ್ ಎಂದರೆ ಅದು ಟಿಕೆಟ್ ಅಲ್ಲ. ಕೊಳ್ಳುವ ದಿನ ಬ್ಯಾಂಕಿನ ಒಟಿಪಿ ಬರಬೇಕು. ತೋಟದ ಮನೆಯಲ್ಲಿ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುವುದಾದರೆ ಆ ದಿನ ಪೇಟೆಗೆ ಬಂದು ಕೂತು ಕೊಳ್ಳಿ. ಅಂತರರಾಷ್ಟ್ರೀಯ ಪಾವತಿಗೆ ಕಾರ್ಡನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಿ.

ಕಣ್ಣೂರು ನಮಗೆ ಹತ್ತಿರ. ಅಲ್ಲಿಂದಲೇ ಹೊರಡಬಹುದಲ್ಲ?

ವಿರಾಜಪೇಟೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಬೆಂಗಳೂರಿಗಿಂತ ಬಹಳ ಹತ್ತಿರ, ಒಪ್ಪುತ್ತೇವೆ. ಆದರೆ ಅಲ್ಲಿಂದ ಇರುವ ಅಂತರರಾಷ್ಟ್ರೀಯ ವಿಮಾನಗಳು ಗಲ್ಫ್ ಕಡೆಗೆ, ಅವನ್ನು ಹಾರಿಸುವುದು ನಮ್ಮ ದೇಶದ ಕಂಪನಿಗಳು. ಮುಂದೆ ಅಮೆರಿಕಕ್ಕೆ ಬೇರೆ ಕಂಪನಿಯ ಬೇರೆ ಟಿಕೆಟ್ ಕೊಂಡರೆ, ನಡುವಿನ ಊರಿನಲ್ಲಿ ಲಗೇಜನ್ನು ನೀವೇ ಬಿಡಿಸಿಕೊಂಡು ಮತ್ತೆ ಹಾಕಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಯಾರದೂ ಅಲ್ಲ. ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಊರಿಂದ ಊರಿಗೆ ಟಿಕೆಟ್ ಸಿಕ್ಕರೆ ಕಣ್ಣೂರು ಸರಿ, ಇಲ್ಲದಿದ್ದರೆ ಬೆಂಗಳೂರೇ. ಅಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ.

ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಬಿಡಿ.

ಮಳೆಗಾಲದಲ್ಲಿ ಮನೆಯಿಂದ ಎಷ್ಟು ಮೊದಲು ಹೊರಡಬೇಕು?

ಒಂದು ಪೂರ್ತಿ ದಿನ ಮೊದಲು, ಹಗಲಿನಲ್ಲಿ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 265 ಕಿಲೋಮೀಟರ್, ವಿಮಾನ ನಿಲ್ದಾಣ ಊರಿನ ಆಚೆ ತುದಿಯಲ್ಲಿದೆ. ಜಿಲ್ಲೆಯಲ್ಲಿ ರೈಲಿಲ್ಲ. ಗಾಳಿಗೆ ಒಂದು ಮರ ಅಡ್ಡ ಬಿದ್ದರೆ ಮೂರು ಗಂಟೆ ಹೋಯಿತು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡವೇ ಜಾರಿ ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆ ಕಡಿದುಹೋದದ್ದನ್ನು ಯಾರೂ ಮರೆತಿಲ್ಲ. ಕಣ್ಣೂರಿಗೆ ಇಳಿಯುವ ಮಾಕುಟ್ಟ ಘಾಟಿಯೂ ಮಳೆಯಲ್ಲಿ ಕುಸಿಯುವ ದಾರಿಯೇ. ಹಾಗಾಗಿ ಮಂಗಳೂರು, ಕಣ್ಣೂರು ಎರಡಕ್ಕಿಂತ ಮೈಸೂರಿನ ದಿಕ್ಕೇ ಮಳೆಗಾಲದಲ್ಲಿ ನಂಬಬಹುದಾದದ್ದು: ಉತ್ತರದವರಿಗೆ ಸುಂಟಿಕೊಪ್ಪ, ಕುಶಾಲನಗರ, ಹುಣಸೂರು. ದಕ್ಷಿಣದವರಿಗೆ ಗೋಣಿಕೊಪ್ಪ, ತಿತಿಮತಿ, ಹುಣಸೂರು. ತಿತಿಮತಿಯ ಕಾಡಿನ ಭಾಗವನ್ನು ಕತ್ತಲಾಗುವ ಮುಂಚೆ ದಾಟಿ, ಆನೆ ರಸ್ತೆಗೆ ಬರುತ್ತದೆ. ಭಾಗಮಂಡಲ, ನಾಪೋಕ್ಲು, ಕರಡಿಗೋಡು ಕಡೆಯವರು ಹೊಳೆ ಏರುವ ಸೂಚನೆ ಕಂಡರೆ ಇನ್ನೊಂದು ದಿನ ಮೊದಲೇ ಮಡಿಕೇರಿಗೋ ಮೈಸೂರಿಗೋ ಬಂದು ಉಳಿಯಿರಿ. ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ.

ಲಗೇಜಿನಲ್ಲಿ ಏನು ಒಯ್ಯಬಹುದು, ಏನು ಕೂಡದು?

ಮೊದಲು ಬ್ಯಾಗನ್ನು ಬೋರಲು ಹಾಕಿ ಕೊಡವಿ. ತೋಟಕ್ಕೆ, ಬೇಟೆಯ ಕಾಲದಿಂದ ಉಳಿದ ಕೋವಿಯ ಜೊತೆಗೆ ಬಳಸಿದ ಚೀಲ, ಜಾಕೆಟ್‌ಗಳ ಒಳಜೇಬಿನಲ್ಲಿ ಒಂದು ತೋಟಾ ಉಳಿದುಬಿಟ್ಟಿರುತ್ತದೆ. ಬಳಸಿದ ಖಾಲಿ ತೋಟಾ ಕಂಡರೂ ತಪಾಸಣೆಯಲ್ಲಿ ತಡೆಯುತ್ತಾರೆ, ಜೀವಂತ ತೋಟಾ ಸಿಕ್ಕರೆ ಪೊಲೀಸ್ ಪ್ರಕರಣ. ಕೋವಿ ಲೈಸೆನ್ಸ್‌ನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಪತ್ರ ಅಲ್ಲಿ ನಡೆಯುವುದಿಲ್ಲ. ಈ ಪ್ರವಾಸಕ್ಕೆ ತೋಟದ ಕಡೆ ಎಂದೂ ಹೋಗದ ಬ್ಯಾಗ್ ಒಂದನ್ನು ಮೀಸಲಿಡಿ. ಕುಪ್ಯ ಚೇಲೆ (ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು) ತೊಟ್ಟು ಪಂದ್ಯಕ್ಕೆ ಹೋಗುವ ಆಸೆ ಇದ್ದರೆ ಧಾರಾಳವಾಗಿ ಹೋಗಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಮನೆಯಲ್ಲಿರಲಿ.

ಎರಡನೆಯದು ಬೂಟು. ಅಮೆರಿಕದ ಕಸ್ಟಮ್ಸ್‌ನವರು ಇತ್ತೀಚೆಗೆ ಕೃಷಿಭೂಮಿಗೆ ಹೋಗಿದ್ದಿರಾ, ದನಕರು ಮುಟ್ಟಿದ್ದಿರಾ ಎಂದು ಕೇಳುತ್ತಾರೆ. ತೋಟದವರು ಹೌದು ಎಂದೇ ಹೇಳಬೇಕು. ಅದರಲ್ಲಿ ತಪ್ಪೇನಿಲ್ಲ, ಆದರೆ ಅಡಿಯ ಗೆರೆಗಳಲ್ಲಿ ಕೆಂಪು ಮಣ್ಣು ಕಚ್ಚಿಕೊಂಡಿರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಸೋಪಿನ ನೀರಿನಲ್ಲಿ ಗೆರೆ ಗೆರೆಯನ್ನೂ ಉಜ್ಜಿ ಒಣಗಿಸಿ. ಜೂನ್‌ನಲ್ಲಿ ಒಣಗುವುದು ನಿಧಾನ, ವಾರ ಮೊದಲೇ ಮಾಡಿ.

ತಿನ್ನುವುದರ ಬಗ್ಗೆ: ಪಂದಿಕರಿ, ಒಣ ಮಾಂಸ, ಮಾಂಸದ ಉಪ್ಪಿನಕಾಯಿ, ಕಿತ್ತಳೆ, ಗಿಡ, ಬಿತ್ತನೆ ಬೀಜ ಯಾವುದೂ ಕೂಡದು. ಹುರಿದ ಕಾಫಿಪುಡಿ, ಒಣ ಕರಿಮೆಣಸು, ಏಲಕ್ಕಿ ಒಯ್ಯಬಹುದು. ಕಚಂಪುಳಿಯನ್ನು (ಪಂದಿಕರಿಗೆ ಹಾಕುವ ಕಪ್ಪು ಹುಳಿರಸ) ಕೈಬ್ಯಾಗಿನಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಎರಡು ಕವರ್ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಏನೇ ಆಹಾರವಿದ್ದರೂ ಇದೆ ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ.

ಅಲ್ಲಿನ ಹವೆ ನಮ್ಮವರಿಗೆ ಆಗುತ್ತದೆಯೇ?

ಊರಿನ ಮೇಲೆ ಹೋಗುತ್ತದೆ. ಡಲ್ಲಾಸ್, ಹ್ಯೂಸ್ಟನ್, ಮಾಂಟೆರ್ರೆಗಳಲ್ಲಿ ಜೂನ್ ಕೊನೆಗೆ 35 ಡಿಗ್ರಿ ದಾಟುವುದು ಮಾಮೂಲು. ಮಡಿಕೇರಿಯ ಮಂಜಿನಿಂದ ನೇರ ಹೋಗಿ ಇಳಿದವರಿಗೆ ಅದು ಹೊಡೆತವೇ. ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟಾಗಳಲ್ಲಿ ಚಾವಣಿ ಮುಚ್ಚಿ ತಣ್ಣಗೆ ಇಡುವ ಕ್ರೀಡಾಂಗಣಗಳಿವೆ, ಕಷ್ಟ ಹೊರಗಿನ ಸಾಲಿನಲ್ಲಿ. ಮಯಾಮಿ, ಕನ್ಸಾಸ್ ಸಿಟಿ, ಫಿಲಡೆಲ್ಫಿಯಾ ಬಯಲು. ಸಿಯಾಟಲ್, ವ್ಯಾಂಕೂವರ್ ಹಿತ. ಮೆಕ್ಸಿಕೊ ನಗರ 2,240 ಮೀಟರ್ ಎತ್ತರದಲ್ಲಿದೆ, ಮಡಿಕೇರಿಯ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಎರಡು ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಹೊರಡಬೇಕು.

ಬಯಲು ಕ್ರೀಡಾಂಗಣದ ಹತ್ತಿರ ಸಿಡಿಲು ಕಂಡರೆ ಆಟ ನಿಲ್ಲಿಸುತ್ತಾರೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಬೆನ್ಫಿಕಾ ಪಂದ್ಯ ಹೀಗೆ ಎರಡು ಗಂಟೆಯ ಹತ್ತಿರ ನಿಂತಿತ್ತು. ಪಂದ್ಯದ ರಾತ್ರಿಯೇ ವಾಪಸ್ ವಿಮಾನ ಹಿಡಿಯುವ ಯೋಜನೆ ಬೇಡ ಎನ್ನುವುದು ಅದಕ್ಕೇ.

ಕ್ರೀಡಾಂಗಣದ ಗೇಟಿನಲ್ಲಿ ಯಾವುದಕ್ಕೆ ತಡೆಯುತ್ತಾರೆ?

ಬ್ಯಾಗಿಗೆ. ಅಮೆರಿಕದ ಕ್ರೀಡಾಂಗಣಗಳಲ್ಲಿ ಒಳಗಿನದು ಕಾಣುವ ಪಾರದರ್ಶಕ ಚೀಲ ಮಾತ್ರ, 12 ಇಂಚು ಎತ್ತರ, 12 ಅಗಲ, 6 ದಪ್ಪದೊಳಗೆ. ಬೆನ್ನಿಗೆ ಹಾಕುವ ಬ್ಯಾಗ್ ಕೋಣೆಯಲ್ಲಿಡಿ. ಕೊಡೆ ಬೇಡ, ತೆಳು ಮಳೆಯಂಗಿ ಸಾಕು. ಒಳಗೆ ನಗದು ನಡೆಯುವುದಿಲ್ಲ, ಕಾರ್ಡೇ. ಫೋನಿನ ಚಾರ್ಜ್ ಮುಗಿದರೆ ಟಿಕೆಟ್ಟೂ ಮುಗಿದಂತೆ, ಸಣ್ಣ ಪವರ್‌ಬ್ಯಾಂಕ್ ಇರಲಿ.

ಹಣ ಹೇಗೆ ಒಯ್ಯುವುದು?

ಫಾರೆಕ್ಸ್ ಕಾರ್ಡ್ ಒಂದು, ಕ್ರೆಡಿಟ್ ಕಾರ್ಡ್ ಒಂದು, ಸಣ್ಣ ನೋಟುಗಳಲ್ಲಿ ಸ್ವಲ್ಪ ಡಾಲರ್. ಸಾಮಾನ್ಯ ಕ್ರೆಡಿಟ್ ಕಾರ್ಡುಗಳು ಪ್ರತಿ ವಹಿವಾಟಿಗೆ ಶೇ. 3.5ರ ಆಸುಪಾಸು ಹೆಚ್ಚುವರಿ ಹಾಕುತ್ತವೆ. ಅಮೆರಿಕದಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಹೋಟೆಲ್ ಊಟಕ್ಕೆ ಮೇಲೆ ಶೇ. 15ರಿಂದ 20 ಟಿಪ್ಸ್ ವಾಡಿಕೆ. ಪ್ರವಾಸ ವಿಮೆ ಮಾಡಿಸದೆ ಹೊರಡಲೇಬೇಡಿ, ಅಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದರೂ ಒಂದು ವರ್ಷದ ಕಾಫಿ ಹಣ ಹೋಗಬಹುದು.

ತೋಟ ಬಿಟ್ಟು ಯಾವಾಗ ಹೋದರೆ ಒಳ್ಳೆಯದು?

ಜೂನ್ 11ರಿಂದ 27ರೊಳಗಿನ ಲೀಗ್ ಹಂತ. ಮೆಣಸಿಗೆ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಯನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ, ಚರಂಡಿ ಬಿಡಿಸಿ, ಹೊರಟುಬಿಡಿ. ಜುಲೈನಲ್ಲಿ ನಾಟಿ ಕೆಲಸ, ಕಾಫಿಗೆ ಕೊಳೆರೋಗದ ನಿಗಾ, ಜೋರು ಮಳೆ ಎಲ್ಲ ಒಟ್ಟಿಗೆ ಬರುತ್ತವೆ. ಫೈನಲ್ ನಡೆಯುವ ಹೊತ್ತಿಗೆ ಕಕ್ಕಡ (ಕೊಡವರ ಲೆಕ್ಕದಲ್ಲಿ ಜೋರು ಮಳೆಯ ತಿಂಗಳು) ಶುರುವಾಗಿರುತ್ತದೆ.

ವೀಸಾ ಸಿಗಲಿಲ್ಲ. ಮನೆಯಲ್ಲೇ ನೋಡುವುದಾದರೆ ಸಮಯ ಹೇಗೆ ಲೆಕ್ಕ ಹಾಕುವುದು?

ಕೊಂಡ ಟಿಕೆಟ್ ಇದ್ದರೆ ತಕ್ಷಣ ಫೀಫಾದ ಮರುಮಾರಾಟಕ್ಕೆ ಹಾಕಿ. ಸಮಯಕ್ಕೆ ಬಂದರೆ, ನ್ಯೂಜೆರ್ಸಿ, ಮಯಾಮಿ, ಅಟ್ಲಾಂಟಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಡಲ್ಲಾಸ್ ಹ್ಯೂಸ್ಟನ್ ಹತ್ತೂವರೆ, ಮೆಕ್ಸಿಕೊ ನಗರ ಹನ್ನೊಂದೂವರೆ, ಸಿಯಾಟಲ್ ಮತ್ತು ಲಾಸ್ ಏಂಜಲೀಸ್ ಹನ್ನೆರಡೂವರೆ. ಅಲ್ಲಿ ಮಯಾಮಿಯಲ್ಲಿ ಸಂಜೆ ಆರಕ್ಕೆ ಶುರುವಾದರೆ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ, ದಿನಾಂಕವೂ ಒಂದು ಮುಂದೆ. ಮಳೆಗೆ ಕರೆಂಟ್ ಹೋಗುವುದು ಹೆಚ್ಚಾಗಿ ಆ ಹೊತ್ತಿಗೇ. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ಮೂರನ್ನೂ ಯುಪಿಎಸ್‌ನ ಒಂದೇ ಪ್ಲಗ್ಗಿನ ಸಾಲಿಗೆ ಹಾಕಿ, ಬ್ಯಾಟರಿಯ ನೀರನ್ನು ಜೂನ್ ಮೊದಲ ವಾರದಲ್ಲೇ ನೋಡಿಕೊಳ್ಳಿ.